ಮೊದಲು ಉಸಿರು, ಅನಂತರ ತುತ್ತು: ಅಸ್ತಮಾ ಇರುವ ಮಕ್ಕಳಿಗೆ ಆಹಾರ ಅಲರ್ಜಿಯ ಚಿಕಿತ್ಸೆ



ಕಾರ್ತಿಕ ಮಾಸ ಹತ್ತಿರವಾದಂತೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ತಂದೆತಾಯಂದಿರು ನಮ್ಮಲ್ಲಿ ಕೇಳುವ ಪ್ರಶ್ನೆಯೊಂದು ಈಚಿನ ವರ್ಷಗಳಲ್ಲಿ ಹೆಚ್ಚಾಗಿದೆ. "ಮಗುವಿಗೆ ಕಡಲೆಕಾಯಿ ಆಗುವುದಿಲ್ಲ. ಅದನ್ನೇ ಕಣದಷ್ಟು ಕಣದಷ್ಟು ಕೊಡುತ್ತ ದೇಹಕ್ಕೆ ಒಗ್ಗಿಸುವ ಚಿಕಿತ್ಸೆ ಬಂದಿದೆಯಂತೆ. ಪ್ರಾರಂಭಿಸಬಹುದೆ?" ಪ್ರಶ್ನೆ ಸಹಜವಾದದ್ದು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಸುತ್ತ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಬೀದಿಯುದ್ದಕ್ಕೂ ಕಡಲೆಕಾಯಿಯ ರಾಶಿ. ಇನ್ನು ಮನೆಯೊಳಗೆ ಚಿತ್ರಾನ್ನ, ಒಗ್ಗರಣೆ ಅವಲಕ್ಕಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಎಲ್ಲದರಲ್ಲಿಯೂ ಅದೇ. ಇಂತಹ ಊರಿನಲ್ಲಿ ಕಡಲೆಕಾಯಿ ಒಗ್ಗದ ಮಗುವನ್ನು ಬೆಳೆಸುವ ತಾಯಿಯ ಆತಂಕ ಸಾಮಾನ್ಯವಾದುದಲ್ಲ.

ಆದರೆ ಆ ಪ್ರಶ್ನೆಗೆ ಉತ್ತರಿಸುವ ಮೊದಲು ನಾವು ಒಂದು ಮರುಪ್ರಶ್ನೆ ಹಾಕುತ್ತೇವೆ: "ಮಗುವಿಗೆ ಉಬ್ಬಸ ಇದೆಯೆ? ಇದ್ದರೆ ಅದು ಹಿಡಿತದಲ್ಲಿದೆಯೆ?" ಅನೇಕರಿಗೆ ಇದು ವಿಷಯಾಂತರವೆಂದು ತೋರುತ್ತದೆ. ವಿಷಯಾಂತರವಲ್ಲ. ಅಸ್ತಮಾ ಹಿಡಿತದಲ್ಲಿಲ್ಲದ ಮಗುವಿಗೆ ಆಹಾರ ಅಲರ್ಜಿಯ ಚಿಕಿತ್ಸೆಯನ್ನು ಪ್ರಾರಂಭಿಸಲೇಬಾರದು. ಈ ಲೇಖನದ ಸಾರ ಇಷ್ಟೆ. ಅದರ ಕಾರಣವನ್ನೂ ಪಾಲಿಸಬೇಕಾದ ಕ್ರಮವನ್ನೂ ಮುಂದೆ ವಿವರಿಸುತ್ತೇವೆ.

ಒಂದು ರೋಗ ಸಾಮಾನ್ಯ, ಇನ್ನೊಂದು ವಿರಳ

ಬೆಂಗಳೂರಿನ ಹೆಸರಾಂತ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ನಗರದ 18 ವರ್ಷದೊಳಗಿನ 20,000 ಮಕ್ಕಳನ್ನು ಕುರಿತು ಎರಡು ದಶಕಗಳ ಕಾಲ ನಡೆಸಿದ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ ಶೇ. 9ರಷ್ಟಿತ್ತು. 1989ರಲ್ಲಿ ಶೇ. 18.5, 1999ರಲ್ಲಿ ಶೇ. 29.5 ಆಯಿತು. ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವಾದ್ದರಿಂದ ನಗರದ ಎಲ್ಲ ಮಕ್ಕಳಿಗೂ ಹಾಗೆಯೇ ಅನ್ವಯಿಸಲಾಗದು. ಆದರೂ ಇಪ್ಪತ್ತು ವರ್ಷಗಳಲ್ಲಿ ಮೂರು ಪಟ್ಟಿಗೂ ಮೀರಿ ಏರಿತೆಂಬುದು ಗಮನಾರ್ಹ. ಹೆಚ್ಚಿದ ವಾಹನಗಳ ಹೊಗೆ, ಧೂಳು, ಪರಾಗಗಳ ನಡುವೆ ಬೆಳೆಯುವ ಮಕ್ಕಳಿಗೆ ಉಬ್ಬಸ ಇಂದು ಮನೆಮಾತು.

ನಿಜವಾದ ಆಹಾರ ಅಲರ್ಜಿಯಾದರೋ ನಮ್ಮ ನಾಡಿನಲ್ಲಿ ವಿರಳ. ಭಾರತ, ಚೀನಾ, ರಷ್ಯಾಗಳ ಮಕ್ಕಳನ್ನು ಹೋಲಿಸಿ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಪಾಲ್ಗೊಂಡಿದ್ದರು. ಅದರಲ್ಲಿ ಕರ್ನಾಟಕದ ಶಾಲಾಮಕ್ಕಳಲ್ಲಿ ಆಹಾರ ಅಲರ್ಜಿಯ ಪ್ರಮಾಣ ಕೇವಲ ಶೇ. 0.14 ಎಂದು ಕಂಡುಬಂದಿತು. ಅಂದರೆ ಸಾವಿರ ಮಕ್ಕಳಲ್ಲಿ ಒಬ್ಬಿಬ್ಬರು.

ಹಾಗಾದರೆ ಇಷ್ಟೊಂದು ಮನೆಗಳಲ್ಲಿ "ಅದು ಆಗದು, ಇದು ಆಗದು" ಎಂಬ ಪಟ್ಟಿ ಏಕೆ? ರಕ್ತಪರೀಕ್ಷೆಯ ವರದಿಯನ್ನೇ ರೋಗವೆಂದು ತಿಳಿಯುವುದರಿಂದ. ಇದೇ ಸಂಶೋಧನಾ ತಂಡ ಕರ್ನಾಟಕದ ವಯಸ್ಕರನ್ನು ಕುರಿತು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಾವುದಾದರೊಂದು ಆಹಾರಕ್ಕೆ ರಕ್ತದಲ್ಲಿ ಸಂವೇದನೆ ತೋರಿದವರು ಶೇ. 26.5, ನಿಜವಾಗಿ ಆಹಾರ ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ. ವರದಿಯಲ್ಲಿ ಇಪ್ಪತ್ತು ಆಹಾರಗಳ ಮುಂದೆ ಗುರುತು ಬಿದ್ದಿತೆಂದು ಮಗುವಿನ ತಟ್ಟೆಯಿಂದ ಹಾಲು, ಬೇಳೆ, ಗೋಧಿ, ಬಾಳೆಹಣ್ಣುಗಳನ್ನೆಲ್ಲ ತೆಗೆದುಹಾಕಿದರೆ ಉಳಿಯುವುದು ಬಡಕಲು ದೇಹವಷ್ಟೆ. ಆ ಆಹಾರ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಗಂಧೆ, ತುಟಿಯ ಊತ, ವಾಂತಿ, ಕೆಮ್ಮು ಮುಂತಾದವು ಕಾಣಿಸಿಕೊಂಡಿವೆಯೆ ಎಂಬ ವೃತ್ತಾಂತವೇ ಮುಖ್ಯ. ಸಂಶಯವಿದ್ದಲ್ಲಿ ತಜ್ಞರು ಆಸ್ಪತ್ರೆಯಲ್ಲಿಯೇ ಆಹಾರವನ್ನು ಅಳೆದು ತಿನ್ನಿಸಿ ಪರೀಕ್ಷಿಸುತ್ತಾರೆ. ಆ ಪರೀಕ್ಷೆಗೂ ಉಸಿರು ನೆಮ್ಮದಿಯಾಗಿರುವುದು ಅವಶ್ಯ.

ಒಗ್ಗಿಸುವ ಚಿಕಿತ್ಸೆ ಎಂದರೇನು?

ಒಗ್ಗದ ಆಹಾರವನ್ನು ಅತಿ ಸೂಕ್ಷ್ಮ ಪ್ರಮಾಣದಿಂದ ಮೊದಲ್ಗೊಂಡು, ತಜ್ಞರ ಕಣ್ಣೆದುರಿನಲ್ಲಿ ಮೆಲ್ಲಮೆಲ್ಲನೆ ಏರಿಸುತ್ತ, ಕೊನೆಗೆ ಒಂದು ನಿಶ್ಚಿತ ಪ್ರಮಾಣವನ್ನು ಪ್ರತಿದಿನವೂ ಕೊಡುತ್ತ ಹೋಗುವುದೇ ಈ ಚಿಕಿತ್ಸೆ. ಅಮೆರಿಕೆಯ ಔಷಧ ನಿಯಂತ್ರಣ ಸಂಸ್ಥೆ 2020ರ ಜನವರಿಯಲ್ಲಿ 4ರಿಂದ 17 ವರ್ಷದ ಮಕ್ಕಳಿಗಾಗಿ 'ಪಾಲ್‌ಫೋರ್ಜಿಯಾ' ಎಂಬ ಕಡಲೆಕಾಯಿ ಪುಡಿಯ ಔಷಧಕ್ಕೆ ಅನುಮತಿ ನೀಡಿತು. ಅದರ ಆರಂಭದ ಪ್ರಮಾಣ ಅರ್ಧ ಮಿಲಿಗ್ರಾಂ ಕಡಲೆಕಾಯಿ ಪ್ರೋಟೀನ್. ಹಲವು ತಿಂಗಳ ಅನಂತರ ತಲಪುವ ನಿತ್ಯದ ಪ್ರಮಾಣ 300 ಮಿಲಿಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಕಡಲೆಬೀಜದಷ್ಟು. ಅಷ್ಟು ದೀರ್ಘ ಪರಿಶ್ರಮದ ಗುರಿ ಮಗು ಪರಿಷೆಯಲ್ಲಿ ಬೊಗಸೆ ತುಂಬ ಕಡಲೆಕಾಯಿ ತಿನ್ನುವುದಲ್ಲ. ತಪ್ಪಿ ಒಂದೆರಡು ಕಾಳು ಬಾಯಿಗೆ ಬಿದ್ದರೂ ಪ್ರಾಣಾಪಾಯವಾಗದಿರುವುದು. ಚಿಕಿತ್ಸೆ ನಡೆಯುತ್ತಿರುವಾಗಲೂ ಕಡಲೆಕಾಯಿಯನ್ನು ಊಟದಲ್ಲಿ ವರ್ಜಿಸಲೇಬೇಕು.

ಆಯುರ್ವೇದವನ್ನು ಬಲ್ಲವರಿಗೆ ಈ ತತ್ತ್ವ ಅಪರಿಚಿತವೆನಿಸದು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಾಸವಾಗಿರುವ ಅಹಿತವನ್ನು ಪಾದ ಪಾದವಾಗಿ ಬಿಡುತ್ತ, ಹಿತವನ್ನು ಪಾದ ಪಾದವಾಗಿ ರೂಢಿಸಿಕೊಳ್ಳುವ ಕ್ರಮವನ್ನು ಹೇಳಿದೆ. ದೇಹಕ್ಕೆ ಒಗ್ಗುವಿಕೆ, ಅಂದರೆ ಸಾತ್ಮ್ಯ, ನಿಧಾನವಾಗಿ ಬರುವಂಥದು ಎಂಬುದು ಪೂರ್ವಿಕರ ಅನುಭವ. ಆದರೆ ಇಲ್ಲಿ ಎಚ್ಚರಿಕೆಯೊಂದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಆ ಕ್ರಮವನ್ನು ಹೇಳಿರುವುದು ಆಹಾರವಿಹಾರಗಳ ಅಭ್ಯಾಸವನ್ನು ಕುರಿತು. ತಿಂದ ಹತ್ತು ನಿಮಿಷಕ್ಕೆ ಉಸಿರುಗಟ್ಟಿಸುವ ಅಲರ್ಜಿಯನ್ನು ಕುರಿತಲ್ಲ. "ಪೂರ್ವಿಕರೇ ಹೇಳಿದ್ದಾರೆ" ಎಂದು ಅಡುಗೆಮನೆಯಲ್ಲಿ ಕಡಲೆಬೀಜವನ್ನು ಕುಟ್ಟಿ ಚಿಟಿಕೆ ಚಿಟಿಕೆಯಾಗಿ ಮಗುವಿಗೆ ತಿನ್ನಿಸುವುದು ಆಯುರ್ವೇದವೂ ಅಲ್ಲ, ಆಧುನಿಕ ವೈದ್ಯವೂ ಅಲ್ಲ. ಮಗುವಿನ ಪ್ರಾಣವನ್ನು ಪಣಕ್ಕಿಡುವ ಸಾಹಸ ಅದು.

ಉಸಿರೇ ಮೊದಲೇಕೆ?

ಅಸ್ತಮಾದಲ್ಲಿ ಶ್ವಾಸನಾಳಗಳ ಒಳಪದರ ಊದಿಕೊಂಡಿರುತ್ತದೆ, ಲೋಳೆ ಹೆಚ್ಚಿರುತ್ತದೆ, ಸುತ್ತಲಿನ ಸ್ನಾಯು ಸಣ್ಣ ಕಾರಣಕ್ಕೂ ಬಿಗಿದುಕೊಳ್ಳುತ್ತದೆ. ಚಿಕ್ಕಪೇಟೆಯ ಓಣಿಯನ್ನು ನೆನೆದುಕೊಳ್ಳಿ. ಎರಡೂ ಬದಿ ಮೂಟೆಗಳನ್ನು ಇಳಿಸಿದ್ದಾರೆ. ಜನ ಹೇಗೋ ಸಾಲಾಗಿ ನುಸುಳಿ ಹೋಗುತ್ತಿದ್ದಾರೆ. ಆಗ ಇನ್ನೊಂದು ತಳ್ಳುಗಾಡಿ ಬಂದರೆ ಸಂಚಾರವೇ ನಿಂತುಹೋಗುತ್ತದೆ. ಹಿಡಿತದಲ್ಲಿಲ್ಲದ ಅಸ್ತಮಾ ಆ ಮೂಟೆಗಳಂತೆ. ಆಹಾರ ಅಲರ್ಜಿಯ ಪ್ರತಿಕ್ರಿಯೆ ಆ ಗಾಡಿಯಂತೆ. ನಾಳ ಅಗಲವಾಗಿರುವ ಮಗು ತಾಳಿಕೊಳ್ಳಬಲ್ಲ ಪ್ರತಿಕ್ರಿಯೆಯನ್ನು ನಾಳ ಕಿರಿದಾಗಿರುವ ಮಗು ತಾಳದೆ ಹೋಗಬಹುದು. ಒಗ್ಗಿಸುವ ಚಿಕಿತ್ಸೆಯಲ್ಲಾದರೋ ನಾವೇ ಕೈಯಾರೆ ಆ ಗಾಡಿಯನ್ನು ಪ್ರತಿದಿನ ಓಣಿಗೆ ಬಿಡುತ್ತಿರುತ್ತೇವೆ. ಆದ್ದರಿಂದಲೇ ಹಿಡಿತದಲ್ಲಿಲ್ಲದ ಅಸ್ತಮಾ ಇರುವವರಿಗೆ ಈ ಚಿಕಿತ್ಸೆ ನಿಷಿದ್ಧವೆಂದು ಐರೋಪ್ಯ ಅಲರ್ಜಿ ತಜ್ಞರ ಮಾರ್ಗಸೂಚಿಯೂ ಮೇಲೆ ಹೇಳಿದ ಔಷಧದ ಅನುಮತಿ ಪತ್ರವೂ ಒಕ್ಕೊರಲಿನಿಂದ ಹೇಳುತ್ತವೆ.

1992ರಲ್ಲಿ ಅಮೆರಿಕೆಯ ವೈದ್ಯರು ಪ್ರಕಟಿಸಿದ ವರದಿಯೊಂದು ಇಂದಿಗೂ ಪಾಠವಾಗಿದೆ. ಆಹಾರ ಅಲರ್ಜಿಯಿಂದ ಮರಣದ ಅಂಚಿಗೆ ಹೋದ ಹದಿಮೂರು ಮಕ್ಕಳನ್ನು ಕುರಿತದ್ದು ಅದು. ಆರು ಮಕ್ಕಳು ತೀರಿಕೊಂಡರು, ಏಳು ಮಕ್ಕಳು ಬದುಕಿದರು. ಹದಿಮೂರರಲ್ಲಿ ಹನ್ನೆರಡು ಮಕ್ಕಳಿಗೆ ಅಸ್ತಮಾ ಇತ್ತು. ತೀರಿಕೊಂಡ ಆರು ಮಕ್ಕಳಲ್ಲಿ ಮೊದಲ ಒಂದು ಗಂಟೆಯೊಳಗೆ ಅಡ್ರಿನಲಿನ್ ಚುಚ್ಚುಮದ್ದು ದೊರೆತದ್ದು ಇಬ್ಬರಿಗೆ ಮಾತ್ರ. ಬದುಕಿದವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಅರ್ಧ ಗಂಟೆಯೊಳಗೆ ದೊರೆತಿತ್ತು. ಇನ್ನೊಂದು ಸಂಗತಿಯನ್ನೂ ಮರೆಮಾಚಬಾರದು: ಆ ಹನ್ನೆರಡು ಮಕ್ಕಳ ಅಸ್ತಮಾ ಚೆನ್ನಾಗಿ ಹಿಡಿತದಲ್ಲಿದೆಯೆಂದೇ ಎಣಿಸಲಾಗಿತ್ತು. ಆದ್ದರಿಂದ ಹಿಡಿತವೆಂಬುದು ಮೊದಲ ರಕ್ಷೆ, ಏಕೈಕ ರಕ್ಷೆಯಲ್ಲ. ಅಡ್ರಿನಲಿನ್ ಎರಡನೆಯ ರಕ್ಷೆ. ಎರಡೂ ಸಿದ್ಧವಾಗದೆ ಚಿಕಿತ್ಸೆಗೆ ತೊಡಗಬಾರದು.

ಇಲ್ಲಿ ಶಾಸ್ತ್ರ ಬಲ್ಲ ಹಿರಿಯರು ಒಂದು ಆಕ್ಷೇಪವನ್ನು ಎತ್ತುವುದುಂಟು. "ಶ್ವಾಸರೋಗ ಹುಟ್ಟುವುದೇ ಪಿತ್ತಸ್ಥಾನದಲ್ಲಿ ಎಂದು ಚರಕರು ಹೇಳಿದ್ದಾರಲ್ಲವೆ? ಮೂಲ ಹೊಟ್ಟೆಯಲ್ಲಿರುವಾಗ ಆಹಾರವನ್ನೇ ಮೊದಲು ಸರಿಪಡಿಸಬೇಡವೆ?" ಮಾತು ಗಂಭೀರವಾದದ್ದೆ. ಆದರೆ ಅದೇ ಅಧ್ಯಾಯದಲ್ಲಿ ಐದು ಬಗೆಯ ಶ್ವಾಸಗಳನ್ನು ವರ್ಣಿಸಿ, ಇಂದಿನ ಅಸ್ತಮಾವನ್ನು ಹೋಲುವ ತಮಕ ಶ್ವಾಸವನ್ನು 'ಯಾಪ್ಯ' ಎಂದು ಕರೆದಿದೆ. ಹೊಸದಾಗಿದ್ದರೆ ಸಾಧ್ಯ ಎಂದಿದೆ. ಯಾಪ್ಯವೆಂದರೆ ಚಿಕಿತ್ಸೆ ಇರುವಷ್ಟು ಕಾಲ ಅಡಗಿದ್ದು, ಬಿಟ್ಟರೆ ಮರುಕಳಿಸುವ ರೋಗ. ಬೀಳಲಿರುವ ಮನೆಗೆ ಕೊಟ್ಟ ಆಸರೆಗಂಬದಂತೆ ಯಾಪ್ಯ ರೋಗಕ್ಕೆ ಔಷಧವೆಂದು ಸುಶ್ರುತರು ಹೋಲಿಸುತ್ತಾರೆ. ಕಂಬವನ್ನು ಕಿತ್ತು ಅಡಿಪಾಯ ಅಗೆಯಲು ಹೊರಡುವ ಮನೆಗೆಲಸದವನನ್ನು ಯಾರೂ ಜಾಣನೆನ್ನಲಾರರು.

ಹಿಡಿತದಲ್ಲಿದೆಯೆ? ನಾಲ್ಕು ವಾರ, ನಾಲ್ಕು ಪ್ರಶ್ನೆ

"ಆಸ್ಪತ್ರೆಗೆ ಸೇರಿಸಿಲ್ಲ, ಆದ್ದರಿಂದ ಚೆನ್ನಾಗಿದ್ದಾನೆ" ಎಂಬುದು ಅಳತೆಗೋಲಲ್ಲ. ಕಳೆದ ನಾಲ್ಕು ವಾರಗಳನ್ನು ನೆನೆದು ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿರಿ.

1. ಹಗಲಿನಲ್ಲಿ ಕೆಮ್ಮು, ಸಿಳ್ಳಿನಂತಹ ಸದ್ದು, ಏದುಸಿರು ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಬಂದಿತ್ತೆ?
2. ಅಸ್ತಮಾದಿಂದ ರಾತ್ರಿ ಒಂದು ಬಾರಿಯಾದರೂ ಎಚ್ಚರವಾಗಿತ್ತೆ, ಇಲ್ಲವೆ ರಾತ್ರಿ ಕೆಮ್ಮಿತ್ತೆ?
3. ತಕ್ಷಣದ ಉಪಶಮನಕ್ಕಾಗಿ ಬಳಸುವ ನೀಲಿ ಇನ್‌ಹೇಲರ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಬೇಕಾಗಿತ್ತೆ?
4. ಓಟ, ಆಟ, ಮೆಟ್ಟಿಲು ಹತ್ತುವುದು ಇವುಗಳನ್ನು ಮಗು ಕಡಿಮೆ ಮಾಡಿಕೊಂಡಿತ್ತೆ?

ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಒಂದನೆಯ ಮತ್ತು ಮೂರನೆಯ ಪ್ರಶ್ನೆಗಳಲ್ಲಿ ವಾರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಎಂದು ಓದಿಕೊಳ್ಳಬೇಕು. ನಾಲ್ಕಕ್ಕೂ "ಇಲ್ಲ" ಎಂದಾದರೆ ಹಿಡಿತದಲ್ಲಿದೆ. ಒಂದೆರಡಕ್ಕೆ "ಹೌದು" ಎಂದಾದರೆ ಅರೆಹಿಡಿತ. ಮೂರು ನಾಲ್ಕಕ್ಕೆ "ಹೌದು" ಎಂದಾದರೆ ಹಿಡಿತ ತಪ್ಪಿದೆ.

ನಾಲ್ಕನೆಯ ಪ್ರಶ್ನೆಯನ್ನು ವಿಶೇಷವಾಗಿ ಗಮನಿಸಿರಿ. ಚಾಮರಾಜಪೇಟೆಯ ಎಂಟು ವರ್ಷದ ಬಾಲಕನೊಬ್ಬನನ್ನು ಇದೇ ಕಡಲೆಕಾಯಿ ಚಿಕಿತ್ಸೆಯ ವಿಚಾರವಾಗಿ ನಮ್ಮಲ್ಲಿ ಕರೆತಂದಿದ್ದರು. ಅಮೆರಿಕೆಯಲ್ಲಿರುವ ಚಿಕ್ಕಪ್ಪನ ಸಲಹೆಯಂತೆ. ಅಸ್ತಮಾ ಹೇಗಿದೆ ಎಂದರೆ "ಏನೂ ತೊಂದರೆಯಿಲ್ಲ, ದಿನವೂ ಕ್ರಿಕೆಟ್‌ಗೆ ಹೋಗುತ್ತಾನೆ" ಎಂದರು ತಂದೆ. ಹುಡುಗನನ್ನೇ ಕೇಳಿದೆವು. "ನಾನು ಅಂಪೈರ್" ಎಂದ. ಓಡಿದರೆ ಎದೆ ಬಿಗಿಯುತ್ತದೆಂದು ಅವನೇ ಕಂಡುಕೊಂಡ ದಾರಿ ಅದು, ಮನೆಯವರಿಗೆ ತಿಳಿದಿರಲಿಲ್ಲ. ವಾರಕ್ಕೆ ಎರಡು ರಾತ್ರಿ ಕೆಮ್ಮುತ್ತಿದ್ದನೆಂಬುದನ್ನು ಅವನ ಪಕ್ಕದಲ್ಲಿ ಮಲಗುವ ಅಜ್ಜಿ ಹೇಳಿದರು. ತಡೆಗಟ್ಟುವ ಇನ್‌ಹೇಲರನ್ನು "ಚಟವಾಗುತ್ತದೆ" ಎಂದು ಬೀರುವಿನಲ್ಲಿಟ್ಟು ಮೂರು ತಿಂಗಳಾಗಿತ್ತು. ನಾವು ಅವರನ್ನು ಮೊದಲು ಮಕ್ಕಳ ಶ್ವಾಸರೋಗ ತಜ್ಞರಲ್ಲಿಗೆ ಕಳುಹಿಸಿದೆವು. ಔಷಧ ಮತ್ತೆ ಕ್ರಮಕ್ಕೆ ಬಂದ ಮೂರು ತಿಂಗಳಿಗೆ ಹುಡುಗ ಬ್ಯಾಟು ಹಿಡಿದಿದ್ದ. ಅಲರ್ಜಿ ತಜ್ಞರ ಭೇಟಿ ಅದರ ಅನಂತರ ನಡೆಯಿತು.

ಆದ್ದರಿಂದ ತಂದೆತಾಯಿಗಳ ಮಾತು ಸಾಲದು. ಮಗುವನ್ನು ಕೇಳಿ, ಮಗುವಿನ ಪಕ್ಕದಲ್ಲಿ ಮಲಗುವವರನ್ನು ಕೇಳಿ, ಶಾಲೆಯ ದೈಹಿಕ ಶಿಕ್ಷಕರನ್ನು ಕೇಳಿ. ಐದಾರು ವರ್ಷ ದಾಟಿದ ಮಕ್ಕಳಿಗೆ ಶ್ವಾಸಶಕ್ತಿಯನ್ನು ಯಂತ್ರದಿಂದ ಅಳೆಯಬಹುದು. ಮನೆಯಲ್ಲಿಯೂ ಊದಿ ನೋಡುವ ಪೀಕ್ ಫ್ಲೋ ಮೀಟರ್ ಎಂಬ ಸರಳ ಸಾಧನವಿದೆ. ಮಗು ಆರೋಗ್ಯವಾಗಿದ್ದಾಗ ಊದಿದ ಅತ್ಯುತ್ತಮ ಅಳತೆಯ ಶೇ. 80ಕ್ಕಿಂತ ಮೇಲಿದ್ದರೆ ನೆಮ್ಮದಿ. 50ರಿಂದ 80ರ ನಡುವೆ ಎಚ್ಚರಿಕೆ. 50ಕ್ಕಿಂತ ಕೆಳಗೆ ತುರ್ತು.

ಹಿಡಿತಕ್ಕೆ ತರುವ ಬಗೆ

ಆಯುರ್ವೇದ ವೈದ್ಯರಾದ ನಾವು ಇದನ್ನು ಹೇಳಿದರೆ ಕೆಲವರಿಗೆ ಅಚ್ಚರಿಯಾಗಬಹುದು: ತಜ್ಞರು ಬರೆದುಕೊಟ್ಟ ತಡೆಗಟ್ಟುವ ಇನ್‌ಹೇಲರನ್ನು ಯಾರ ಮಾತು ಕೇಳಿಯೂ, ನಮ್ಮಂತಹ ವೈದ್ಯರ ಕಷಾಯ ಲೇಹ್ಯಗಳನ್ನು ನಂಬಿಯೂ, ತಾವಾಗಿ ನಿಲ್ಲಿಸಬೇಡಿರಿ. ಅದು ಚಟ ಹಿಡಿಸುವ ವಸ್ತುವಲ್ಲ. ಅದರಲ್ಲಿರುವ ಸ್ಟೀರಾಯ್ಡಿನ ಪ್ರಮಾಣ ಮೈಕ್ರೋಗ್ರಾಂಗಳಲ್ಲಿರುತ್ತದೆ. ನೇರವಾಗಿ ಶ್ವಾಸನಾಳಕ್ಕೆ ತಲಪಿ ಅಲ್ಲಿನ ಊತವನ್ನು ಇಳಿಸುತ್ತದೆ. ದೀರ್ಘಕಾಲ ಬಳಸಿದ ಮಕ್ಕಳ ಎತ್ತರ ಸುಮಾರು ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದೆಂಬುದು ನಿಜ. ಆದರೆ ರಾತ್ರಿಯಿಡೀ ಕೆಮ್ಮಿ ನಿದ್ರೆಗೆಟ್ಟು, ಆಟ ಬಿಟ್ಟ ಮಗುವಿನ ಬೆಳವಣಿಗೆಯೂ ಕುಂಠಿತವಾಗುತ್ತದೆಂಬುದನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡಬೇಕು. ನೀಲಿ ಇನ್‌ಹೇಲರ್ ಬಿಗಿತವನ್ನು ಸಡಿಲಿಸುತ್ತದೆಯೇ ಹೊರತು ಊತವನ್ನು ಇಳಿಸದು. ಹದಿಹರೆಯದವರೂ ವಯಸ್ಕರೂ ಅದೊಂದನ್ನೇ ನೆಚ್ಚಿ ದಿನ ದೂಡುವುದು ಸಲ್ಲದೆಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ.

ಔಷಧವಿದ್ದೂ ಹಿಡಿತ ಸಿಗದಿದ್ದರೆ ಮೊದಲು ನೋಡಬೇಕಾದದ್ದು ಸೇದುವ ವಿಧಾನ. ಮಕ್ಕಳಿಗೆ ಸ್ಪೇಸರ್ ಎಂಬ ಕೊಳವೆ ಕಡ್ಡಾಯ. ಇನ್‌ಹೇಲರನ್ನು ಅಲುಗಾಡಿಸಿ, ಸ್ಪೇಸರಿಗೆ ಜೋಡಿಸಿ, ಒಮ್ಮೆ ಮಾತ್ರ ಒತ್ತಿ, ಮಗು ಸಹಜವಾಗಿ ಐದಾರು ಬಾರಿ ಉಸಿರಾಡಲಿ. ಎರಡನೆಯ ಬಾರಿ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಒತ್ತಬೇಕು. ಅನಂತರ ಬಾಯಿ ಮುಕ್ಕಳಿಸಿ ಉಗುಳಬೇಕು. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸದೆ ಹಾಗೆಯೇ ಒಣಗಲು ಬಿಡಬೇಕು. ಒರೆಸಿದರೆ ಔಷಧದ ಕಣಗಳು ಗೋಡೆಗೆ ಅಂಟಿಕೊಳ್ಳುತ್ತವೆ. ಹಿಡಿತ ಸಿಕ್ಕಿ ಮೂರು ತಿಂಗಳು ನಿಂತ ಬಳಿಕವೇ ಔಷಧದ ಪ್ರಮಾಣವನ್ನು ಇಳಿಸುವ ವಿಚಾರ, ಅದೂ ವೈದ್ಯರಿಂದಲೇ.

ಆಯುರ್ವೇದದ ಸ್ಥಾನ ಇದರ ಜೊತೆಯಲ್ಲಿದೆ, ಇದರ ಬದಲಿಗಲ್ಲ. ಪಥ್ಯ, ಋತುಚರ್ಯೆ, ಜೀರ್ಣಶಕ್ತಿಯ ರಕ್ಷಣೆಗಳಿಂದ ಮಗುವಿನ ಬಲ ಹೆಚ್ಚುತ್ತದೆ. ರಾತ್ರಿ ಮೊಸರು ಬೇಡ, ಬೆಚ್ಚಗಿನ ಹಗುರ ಊಟವನ್ನು ಬೇಗ ಮುಗಿಸಲಿ ಎಂಬ ಹಿತವಚನಗಳು ಇಂದಿಗೂ ಒಳ್ಳೆಯವೆ. ಆದರೆ ಆಹಾರ ಅಲರ್ಜಿ ಇರುವ ಮಗುವಿಗೆ ಔಷಧ ಕೊಡುವಾಗ ಒಂದು ಸೂಕ್ಷ್ಮವಿದೆ. ನಮ್ಮ ಔಷಧಗಳಲ್ಲಿಯೂ ಆಹಾರವಸ್ತುಗಳಿರುತ್ತವೆ. ಶಾಸ್ತ್ರೋಕ್ತ ಚ್ಯವನಪ್ರಾಶದಲ್ಲಿ ತುಪ್ಪವೂ ಎಳ್ಳೆಣ್ಣೆಯೂ ಇವೆ. ನಸ್ಯಕ್ಕೆ ಬಳಸುವ ಅಣುತೈಲವನ್ನು ಎಳ್ಳೆಣ್ಣೆ ಮತ್ತು ಮೇಕೆಯ ಹಾಲಿನಿಂದ ಸಿದ್ಧಪಡಿಸುತ್ತಾರೆ. ಹಾಲು ಅಥವಾ ಎಳ್ಳು ಒಗ್ಗದ ಮಗುವಿಗೆ ಇವು ಅಪಾಯ ತರಬಲ್ಲವು. ಯಾವ ಪದ್ಧತಿಯ ವೈದ್ಯರಲ್ಲಿಗೆ ಹೋದರೂ ಅಲರ್ಜಿಯ ವಿವರವನ್ನು ಮೊದಲ ಮಾತಿನಲ್ಲಿಯೇ ಹೇಳಿರಿ. ಹೆಸರಿಲ್ಲದ ಪೊಟ್ಟಣದ 'ಅಸ್ತಮಾ ಪುಡಿ'ಗಳನ್ನು ಕೊಡಬೇಡಿರಿ. ವಮನಾದಿ ಶೋಧನ ಕ್ರಮಗಳನ್ನು ಮನೆಯಲ್ಲಿ ಮಾಡಬೇಡಿರಿ.

ಮನೆ, ಬೀದಿ, ಋತು

ತಮಕ ಶ್ವಾಸವು ಮೋಡ, ಮಳೆ, ಚಳಿ, ಮೂಡಣ ಗಾಳಿಗಳಿಂದ ಹೆಚ್ಚುತ್ತದೆಂದೂ ಧೂಳು ಹೊಗೆಗಳು ಅದರ ಕಾರಣಗಳೆಂದೂ ಚರಕರು ಹೇಳಿರುವುದು ನಮ್ಮ ಊರಿನ ಕಾರ್ತಿಕವನ್ನು ಕಂಡು ಬರೆದಂತಿದೆ. ದೀಪಾವಳಿಯ ಪಟಾಕಿಯ ಹೊಗೆ ಒಂದು ಕಡೆ, ಮುಂಜಾನೆಯ ಚಳಿ ಇನ್ನೊಂದು ಕಡೆ. ಅಲ್ಲಿಂದ ಕೆಲವೇ ವಾರಗಳಲ್ಲಿ ಪರಿಷೆ. ಜನಜಂಗುಳಿ, ಧೂಳು, ಹುರಿಯುವ ಹೊಗೆ. ಉಸಿರು ಹಿಡಿತಕ್ಕೆ ಬಾರದ ಮಗುವನ್ನು ಆ ವರ್ಷದ ಪರಿಷೆಗೆ ಕರೆದೊಯ್ಯದಿರುವುದೇ ಲೇಸು. ಒಗ್ಗಿಸುವ ಚಿಕಿತ್ಸೆಯ ಆರಂಭವನ್ನೂ ಈ ತಿಂಗಳುಗಳಲ್ಲಿ ಇಟ್ಟುಕೊಳ್ಳಬಾರದೆಂಬುದು ನಮ್ಮ ಸಲಹೆ; ನಿಮ್ಮ ಮಗುವಿಗೆ ಯಾವ ಋತು ಕಠಿಣವೋ ಅದನ್ನು ತಪ್ಪಿಸಿ ದಿನ ಗೊತ್ತುಮಾಡಲು ತಜ್ಞರನ್ನು ಕೇಳಿರಿ.

ಹಳೆಯ ಬಡಾವಣೆಗಳ ಮನೆಗಳಲ್ಲಿ ಮಳೆಗಾಲ ಕಳೆದ ಮೇಲೆ ಗೋಡೆಯ ತೇವ, ಬೂಷ್ಟು, ಅಟ್ಟದ ಧೂಳು, ಜಿರಲೆ ಇವು ಉಬ್ಬಸದ ಗುಪ್ತ ಶತ್ರುಗಳು. ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಮಗು ಮನೆಯಲ್ಲಿಲ್ಲದ ವೇಳೆ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿರಿ. ಖಾಲಿ ನಿವೇಶನದ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಿಸಿರಿ. ಮನೆಯಲ್ಲಿ ಯಾರೂ ಬೀಡಿ ಸಿಗರೇಟು ಸೇದಬಾರದು. ಪೂಜೆಯ ವೇಳೆ ಅಗರಬತ್ತಿ, ಧೂಪ, ಕರ್ಪೂರಗಳ ಹೊಗೆ ಮಗುವಿಗೆ ತಾಗದಂತೆ ಕಿಟಕಿ ತೆರೆದಿಡಿ, ಇಲ್ಲವೆ ಅವನ್ನು ಬಿಟ್ಟುಬಿಡಿ. ಇಷ್ಟಲಿಂಗ ಪೂಜೆಗೆ ಹೊಗೆ ಬೇಕೆಂದೇನೂ ಇಲ್ಲ; ಜಲ, ಪತ್ರೆ, ಭಸ್ಮ, ಭಕ್ತಿ ಸಾಕು. ಭಸ್ಮವನ್ನೂ ಒಣಪುಡಿಯಾಗಿ ಮುಖದ ಬಳಿ ಉದುರಿಸದೆ, ವಿಭೂತಿಗಟ್ಟಿಗೆ ನೀರು ತಾಗಿಸಿ ಧರಿಸುವ ರೂಢಿಯೇ ಮಗುವಿಗೆ ಹಿತ.

ಚಿಕಿತ್ಸೆ ಪ್ರಾರಂಭವಾದ ಮೇಲೆ

ಹಿಡಿತವೆಂಬುದು ಒಮ್ಮೆ ಗಳಿಸಿ ಮರೆಯುವ ವಸ್ತುವಲ್ಲ. ಪ್ರತಿದಿನದ ಆಹಾರ ಪ್ರಮಾಣ ಕೊಡುವ ಮೊದಲು ಮಗುವಿನ ಉಸಿರನ್ನು ಗಮನಿಸಬೇಕು. ಕೆಮ್ಮು, ಉಬ್ಬಸ, ಜ್ವರ, ವಾಂತಿಭೇದಿ ಇದ್ದ ದಿನ ತಾವಾಗಿ ಕೊಡದೆ ತಜ್ಞರನ್ನು ಕೇಳಬೇಕು. ಬಿಟ್ಟ ದಿನಗಳು ಹೆಚ್ಚಾದರೆ ಹಿಂದಿನ ಪ್ರಮಾಣದಿಂದಲೇ ಮುಂದುವರಿಸುವುದು ಅಪಾಯ. ಅದನ್ನೂ ತಜ್ಞರೇ ನಿರ್ಧರಿಸಬೇಕು. ಖಾಲಿ ಹೊಟ್ಟೆಯಲ್ಲಿ ಕೊಡಬಾರದು. ಕೊಟ್ಟ ಮೇಲೆ ಎರಡು ಮೂರು ಗಂಟೆ ಓಟ, ಆಟ, ಬಿಸಿನೀರಿನ ಸ್ನಾನ ಸಲ್ಲದು; ಹಬ್ಬದ ಎಣ್ಣೆನೀರಿನ ದಿನ ಇದನ್ನು ಮರೆಯುವವರು ಬಹಳ. ಮಗು ಮಲಗುವ ಹೊತ್ತಿಗೆ ಕೊಡುವುದೂ ಸರಿಯಲ್ಲ, ನಿದ್ರೆಯಲ್ಲಿ ಲಕ್ಷಣಗಳು ಯಾರಿಗೂ ಕಾಣಿಸವು. ಇದಾವುದಕ್ಕೂ ಮನೆಯಲ್ಲಿ ಅನುಕೂಲವಿಲ್ಲವೆಂದಾದರೆ ಚಿಕಿತ್ಸೆಯನ್ನು ಕೈಗೊಳ್ಳದೆ, ಆ ಆಹಾರವನ್ನು ಕಟ್ಟುನಿಟ್ಟಾಗಿ ವರ್ಜಿಸುವುದೂ ಗೌರವದ ದಾರಿಯೆ. ಬಾಲ್ಯದ ಹಾಲು, ಮೊಟ್ಟೆಗಳ ಅಲರ್ಜಿ ಅನೇಕ ಮಕ್ಕಳಲ್ಲಿ ವಯಸ್ಸಿನೊಡನೆ ತಾನಾಗಿ ಹೋಗುತ್ತದೆ.

ಅಪಾಯದ ಲಕ್ಷಣಗಳನ್ನು ಮನೆಯ ಪ್ರತಿಯೊಬ್ಬರೂ ಬಾಯಿಪಾಠ ಮಾಡಿಕೊಂಡಿರಬೇಕು: ಮೈಯೆಲ್ಲ ಗಂಧೆ, ತುಟಿ ನಾಲಿಗೆಯ ಊತ, ದನಿ ಗೊಗ್ಗರಾಗುವುದು, ಬಿಡದ ಕೆಮ್ಮು, ಉಬ್ಬಸ, ಮತ್ತೆ ಮತ್ತೆ ವಾಂತಿ, ಮಗು ಜೋಲುಬೀಳುವುದು. ಅಲರ್ಜಿ ಇರುವ ಮಗುವಿಗೆ ಆಹಾರ ತಿಂದ ಬಳಿಕ ಥಟ್ಟನೆ ಉಬ್ಬಸ ಬಂದರೆ, ಚರ್ಮದ ಮೇಲೆ ಒಂದು ಗಂಧೆಯೂ ಇಲ್ಲದಿದ್ದರೂ, ಅದನ್ನು ಬರಿಯ ಅಸ್ತಮಾ ಎಂದು ಬಗೆದು ಇನ್‌ಹೇಲರ್ ಹಿಡಿದು ಕೂರಬಾರದು. ಮೊದಲು ಅಡ್ರಿನಲಿನ್, ಇನ್‌ಹೇಲರ್ ಆಮೇಲೆ. ತಾನಾಗಿ ಚುಚ್ಚುವ ಪೆನ್ನುಗಳು ಎಲ್ಲ ಔಷಧದಂಗಡಿಗಳಲ್ಲಿ ಸುಲಭವಾಗಿ ಸಿಗವು. ಆದ್ದರಿಂದ ಚಿಕಿತ್ಸೆಗೆ ಮೊದಲೇ ತಜ್ಞರಿಂದ ಔಷಧ, ಸಿರಿಂಜು, ಮಗುವಿನ ತೂಕಕ್ಕೆ ತಕ್ಕ ಪ್ರಮಾಣದ ಬರಹ ಮತ್ತು ತರಬೇತಿ ನಾಲ್ಕನ್ನೂ ಪಡೆಯಿರಿ. ಸಾಮಾನ್ಯ ಲೆಕ್ಕ ಒಂದು ಕಿಲೋ ತೂಕಕ್ಕೆ 0.01 ಮಿಲಿಗ್ರಾಂ, ಮಕ್ಕಳಿಗೆ 0.3 ಮಿಲಿಗ್ರಾಂ ಮೀರುವಂತಿಲ್ಲ. ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚಬೇಕು. ಮಗುವನ್ನು ಮಲಗಿಸಿ ಕಾಲು ಎತ್ತರಿಸಿರಿ, ಉಸಿರಾಟ ಕಷ್ಟವಾದರೆ ಕೂರಿಸಿರಿ, ನಡೆಸಬೇಡಿರಿ. 108ಕ್ಕೆ ಕರೆ ಮಾಡಿರಿ. ಚೇತರಿಕೆ ಕಾಣದಿದ್ದರೆ ಐದರಿಂದ ಹದಿನೈದು ನಿಮಿಷಗಳಲ್ಲಿ ಎರಡನೆಯ ಬಾರಿ ಕೊಡಬೇಕಾಗಬಹುದು. ಚೇತರಿಸಿಕೊಂಡರೂ ಆಸ್ಪತ್ರೆಯಲ್ಲಿ ಕೆಲವು ಗಂಟೆ ಇರಬೇಕು. ಪ್ರತಿಕ್ರಿಯೆ ಮರಳಿ ಬರುವುದುಂಟು.

ದಾಸೋಹದ ಪಂಕ್ತಿಯಲ್ಲಿ

ಕೊನೆಯದಾಗಿ ಭಕ್ತರಲ್ಲಿ ಒಂದು ವಿನಂತಿ. ಪ್ರಸಾದವನ್ನು ಬೇಡವೆನ್ನಬಾರದೆಂಬ ಭಾವನೆಯಿಂದ ಅಲರ್ಜಿ ಇರುವ ಮಗುವಿಗೂ "ಸ್ವಲ್ಪ ಬಾಯಿಗೆ ಹಾಕು, ಏನೂ ಆಗದು" ಎನ್ನುವ ಹಿರಿಯರಿದ್ದಾರೆ. ಅವರ ಭಕ್ತಿ ದೊಡ್ಡದು. ಆದರೆ ಆ ಮಗುವಿಗೆ ಚಿತ್ರಾನ್ನದ ಒಂದು ಕಡಲೆಬೀಜವೂ ಅಪಾಯ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಂದೆತಾಯಿ ಸ್ವೀಕರಿಸಿದರೆ ಲೋಪವಿಲ್ಲ. ಮಗುವಿನ ಅಲರ್ಜಿಯನ್ನು ದಾಸೋಹದ ಅಡುಗೆಯವರಿಗೆ ಮುಂಚಿತವಾಗಿ ತಿಳಿಸಿರಿ. ಬಡಿಸುವ ಸೇವಾಕರ್ತರು ಕೇಳಿದವರಿಗೆ ಯಾವ ಪದಾರ್ಥದಲ್ಲಿ ಏನು ಹಾಕಿದೆಯೆಂದು ಸ್ಪಷ್ಟವಾಗಿ ಹೇಳಲಿ. ಒಂದರ ಸೌಟನ್ನು ಇನ್ನೊಂದಕ್ಕೆ ಹಾಕದಿರಲಿ. ಹಸಿದವರಿಗೆ ಅನ್ನ ನೀಡುವುದು ದಾಸೋಹವಾದರೆ, ಒಗ್ಗದವರಿಗೆ ಒಗ್ಗದ್ದನ್ನು ನೀಡದಿರುವುದೂ ಅದರ ಭಾಗವೇ.

ನೆನಪಿಡಬೇಕಾದ ಅಂಶಗಳು

• ರಕ್ತಪರೀಕ್ಷೆಯ ಗುರುತುಗಳೇ ಅಲರ್ಜಿಯಲ್ಲ, ತಜ್ಞರಿಂದ ಖಚಿತಪಡಿಸಿಕೊಳ್ಳಿರಿ.
• ನಾಲ್ಕು ಪ್ರಶ್ನೆಗಳಿಗೂ "ಇಲ್ಲ" ಎಂಬ ಉತ್ತರ ಬರುವವರೆಗೆ ಒಗ್ಗಿಸುವ ಚಿಕಿತ್ಸೆಯನ್ನು ಪ್ರಾರಂಭಿಸಬೇಡಿರಿ.
• ತಡೆಗಟ್ಟುವ ಇನ್‌ಹೇಲರನ್ನು ತಾವಾಗಿ ನಿಲ್ಲಿಸಬೇಡಿರಿ; ಆಯುರ್ವೇದ ಜೊತೆಗಿರಲಿ, ಬದಲಿಗಲ್ಲ.
• ಮನೆಯಲ್ಲಿ ಚಿಟಿಕೆ ಚಿಟಿಕೆಯಾಗಿ ತಿನ್ನಿಸುವ ಪ್ರಯೋಗ ಎಂದಿಗೂ ಬೇಡ.
• ಅಡ್ರಿನಲಿನ್ ಮತ್ತು ಅದನ್ನು ಕೊಡಲು ಕಲಿತವರು ಸದಾ ಮಗುವಿನ ಹತ್ತಿರವಿರಲಿ.

ಉಸಿರನ್ನು ಹಿಡಿತಕ್ಕೆ ತರಲು ಮೂರು ನಾಲ್ಕು ತಿಂಗಳು ಹಿಡಿಯಬಹುದು. ಅಷ್ಟು ಕಾಲ ಕಾಯುವುದರಿಂದ ಮಗುವಿಗೆ ನಷ್ಟವೇನೂ ಇಲ್ಲ. ಕಡಲೆಕಾಯಿ ಮುಂದಿನ ಕಾರ್ತಿಕದಲ್ಲಿಯೂ ಬರುತ್ತದೆ. ಎಲ್ಲ ಮಕ್ಕಳೂ ಸುಖವಾಗಿ ಉಸಿರಾಡುವಂತಾಗಲಿ ಎಂದು ಹಾರೈಸುತ್ತೇವೆ.